ಲೈನಲ್ಲಿ ನಿಂತು ಬಂದವರು...

ಮೊನ್ನೆ ಗೆಳೆಯರ ಮನೇಲಿ ಊಟಕ್ಕೆ ಸೇರಿದ್ವಿ. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿ ಅಮೆರಿಕದಲ್ಲಿ ಯಾವಾಗಲೂ ಬಂದು ನಿಲ್ಲೋ ಜಾಗಕ್ಕೇ ಬಂತು: ವಲಸೆ. ಒಬ್ಬರು ಅಂದರು, "ನಾವೆಲ್ಲ ಲೈನಲ್ಲಿ ನಿಂತು ಬಂದವರು ಕಣ್ರೀ. ಈ ದೇಶ ಕಟ್ಟಿದ ಇಟಲಿಯವರು, ಐರಿಷರು ಎಲ್ಲಾ ಹಾಗೇ ಬಂದದ್ದು. ಈಗಿನವರಿಗೆ ಮಾತ್ರ ಏನು ರೋಗ?" ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ ಅನ್ನಿ, ಕೈಯಲ್ಲಿ ಅವರ ಮನೆಯ ಹೋಳಿಗೆ ಇತ್ತಲ್ಲ!

ಆದರೆ ಮನೆಗೆ ಬಂದ ಮೇಲೆ ಆ ಮಾತು ಕೊರೆಯೋಕೆ ಶುರುವಾಯ್ತು. ಅಷ್ಟಕ್ಕೂ ಆ ಲೈನು ಅನ್ನೋದು ಹೇಗಿತ್ತು? ಅದರಲ್ಲಿ ನಿಲ್ಲೋಕೆ ಯಾರಿಗೆ ಬಿಡ್ತಿದ್ದರು?

ಊರಿಂದ ಅಪ್ಪ-ಅಮ್ಮ ಬಂದಾಗಲೆಲ್ಲ ಲಿಬರ್ಟಿ ಪ್ರತಿಮೆ ತೋರಿಸೋಕೆ ಕರ್ಕೊಂಡು ಹೋಗ್ತೀವಲ್ಲ, ಅದೇ ದೋಣಿ ಪಕ್ಕದ ಎಲ್ಲಿಸ್ ದ್ವೀಪದಲ್ಲೂ ನಿಲ್ಲುತ್ತೆ. ನಮ್ಮವರು ಬಹಳ ಜನ ಅಲ್ಲಿ ಇಳಿಯೋದಿಲ್ಲ. ದಯವಿಟ್ಟು ಒಮ್ಮೆ ಇಳಿದು ನೋಡಿ. 1892ರಿಂದ 1954ರವರೆಗೆ ಹತ್ತಿರ ಹತ್ತಿರ 1 ಕೋಟಿ 20 ಲಕ್ಷ ಜನ ಈ ಬಾಗಿಲಿಂದ ಒಳಗೆ ಬಂದರು. 1907ರ ಏಪ್ರಿಲ್ 17ರಂದು, ಒಂದೇ ದಿನದಲ್ಲಿ, 11,747 ಜನ!

ಹಡಗಿನ ಮೊದಲನೇ, ಎರಡನೇ ದರ್ಜೆಯವರನ್ನ ಹಡಗಿನಲ್ಲೇ ಮೇಲೆ ಮೇಲೆ ನೋಡಿ ಕಳಿಸಿಬಿಡ್ತಿದ್ದರು. ತಳದಲ್ಲಿ ಕುರಿಗಳ ಹಾಗೆ ತುಂಬಿಸಿಕೊಂಡು ಬಂದವರಿಗೆ ಮಾತ್ರ ಈ ದ್ವೀಪದ ಪರೀಕ್ಷೆ. ಗಂಟು-ಮೂಟೆ ಹೊತ್ತು ಮೆಟ್ಟಿಲು ಹತ್ತೋವಾಗಲೇ ಡಾಕ್ಟರುಗಳು ನೋಡ್ತಾ ನಿಂತಿರ್ತಿದ್ದರು, ಯಾರು ಏದುಸಿರು ಬಿಡ್ತಾರೆ, ಯಾರು ಕುಂಟ್ತಾರೆ ಅಂತ. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ: ಹೃದಯಕ್ಕೆ 'ಎಚ್', ಕಣ್ಣಿಗೆ 'ಇ', ಬುದ್ಧಿ ಸರಿಯಿಲ್ಲ ಅನ್ನೋದಕ್ಕೆ 'ಎಕ್ಸ್'. ಬೂಟಿನ ಗುಂಡಿ ಹಾಕೋ ಕೊಕ್ಕೆಯಿಂದ ಕಣ್ಣಿನ ರೆಪ್ಪೆ ಮಗುಚಿ ಟ್ರಕೋಮಾ ಇದೆಯಾ ಅಂತ ನೋಡ್ತಿದ್ದರು. ಇದ್ದರೆ ವಾಪಸ್. ಮಗುವಿಗೆ ಇದ್ದರೆ, ಅದರ ಜೊತೆ ಯಾರು ಹಿಂದಕ್ಕೆ ಹೋಗಬೇಕು, ಯಾರು ಇಲ್ಲೇ ಉಳೀಬೇಕು ಅಂತ ಅಪ್ಪ-ಅಮ್ಮ ಅಲ್ಲೇ ನಿಂತು ತೀರ್ಮಾನ ಮಾಡಬೇಕು.

ಆಮೇಲೆ ಪ್ರಶ್ನೆಗಳು. ನನಗೆ ಬಹಳ ಕಾಡಿದ್ದು ಇದೇ. "ನಿನಗೆ ಇಲ್ಲಿ ಕೆಲಸ ಗೊತ್ತಾಗಿದೆಯಾ?" ಅಂತ ಕೇಳ್ತಾರೆ. ಪಾಪ, ಒಳ್ಳೆ ಅಭಿಪ್ರಾಯ ಬರಲಿ ಅಂತ "ಹೌದು ಸ್ವಾಮಿ" ಅಂದರೆ ಕೆಟ್ಟ. ಮೊದಲೇ ಕರಾರು ಮಾಡಿಕೊಂಡು ಕೂಲಿಗೆ ಬರೋ ಹಾಗಿಲ್ಲ ಅಂತ 1885ರ ಕಾನೂನು. "ಇಲ್ಲ, ಯಾವ ಕೆಲಸಾನೂ ಸಿಗೋ ಭರವಸೆ ಇಲ್ಲ" ಅಂದರೆ, ಸರ್ಕಾರಕ್ಕೆ ಹೊರೆಯಾಗ್ತಾನೆ ಅಂತ 1882ರ ಇನ್ನೊಂದು ಕಾನೂನು. ಎರಡರ ಮಧ್ಯೆ ನುಸುಳೋ ಉತ್ತರ ಗೊತ್ತಿದ್ದವನು ಪಾಸು. ಎಚ್-ಒನ್-ಬಿಯಲ್ಲಿ ಬಂದ ನಮಗೆ ಇದರ ತಿರುಗುಮುರುಗು. ಕೆಲಸದ ಪತ್ರ ಇಲ್ಲದಿದ್ದರೆ ವೀಸಾನೇ ಇಲ್ಲ. ಅಂದರೆ ನಾವು ಯಾವುದನ್ನ "ಸರಿಯಾದ ದಾರಿ" ಅಂತೀವೋ, ಅವತ್ತಿನ ಕೂಲಿಯವನಿಗೆ ಅದೇ ಅಪರಾಧವಾಗಿತ್ತು!

ಇಷ್ಟೆಲ್ಲ ಆದರೂ ವಾಪಸ್ ಹೋದವರು ನೂರಕ್ಕೆ ಸುಮಾರು ಎರಡೇ ಜನ. (ಎರಡೇ ಅಂದರೂ ಒಟ್ಟು ಲೆಕ್ಕದಲ್ಲಿ ಎರಡು ಲಕ್ಷ ದಾಟುತ್ತೆ, ಮರೀಬೇಡಿ.) ಉಳಿದವರು ಬಹುಪಾಲು ಕೆಲವೇ ಗಂಟೆಗಳಲ್ಲಿ ಹೊರಗೆ ಬಂದುಬಿಡ್ತಿದ್ದರು. 1921ರವರೆಗೆ ಯುರೋಪಿನವರಿಗೆ ವರ್ಷಕ್ಕೆ ಇಷ್ಟೇ ಜನ ಅನ್ನೋ ಮಿತಿ ಇರಲೇ ಇಲ್ಲ. ವರ್ಷಗಟ್ಟಲೆ ಕಾಯೋ ಲೈನು ಎಲ್ಲಿಂದ ಬರಬೇಕು? "ನಮ್ಮಜ್ಜ ಕಾನೂನು ಪ್ರಕಾರ ಬಂದ" ಅನ್ನೋರಿಗೆ ನಾನು ಹೇಳೋದು ಇಷ್ಟೇ, ನಿಮ್ಮಜ್ಜ ಮುರಿಯಬಹುದಾಗಿದ್ದ ಕಾನೂನೇ ಅವತ್ತು ಕಡಿಮೆ ಇತ್ತು.

ಹಾಗಂತ ಅವರದ್ದು ಸುಖದ ಬದುಕು ಅಂತಲ್ಲ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜೈಲಿಗೆ ನುಗ್ಗಿದ ಗುಂಪು 11 ಜನ ಇಟಲಿ ಮೂಲದವರನ್ನ ಕೊಂದುಹಾಕಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಗೆ ಹೋಗೋ ಒಂದು ಬಾಗಿಲಿಗೆ ಬೀಗ ಹಾಕಿತ್ತು, ಅಗ್ನಿಶಾಮಕದವರ ಏಣಿ ಆ ಮಹಡಿಗಳವರೆಗೆ ಮುಟ್ಟಲಿಲ್ಲ. 146 ಜನ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಲಿಯ ವಲಸೆಗಾರ ಹುಡುಗಿಯರು. 1924ರಲ್ಲಿ ಬಂದ ಕಾನೂನಂತೂ ಇವರಂಥವರನ್ನ ತಡೆಯೋಕೇ ಮಾಡಿದ್ದು. ಲೆಕ್ಕಕ್ಕೆ ಹಿಡಿದಿದ್ದು 1890ರ ಜನಗಣತಿ, ಇಟಲಿಯವರು, ಪೋಲೆಂಡಿನವರು, ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬರೋದಕ್ಕೆ ಮುಂಚಿನದ್ದು! ಅವತ್ತು ಬೇಡವಾದವರನ್ನೇ ಇವತ್ತು ಈ ದೇಶ ಕಟ್ಟಿದವರು ಅಂತೀವಿ.

ಮತ್ತೆ ನಮ್ಮವರು? ಎಲ್ಲಿಸ್ ದ್ವೀಪ ದಾಖಲೆ ಮಾಡಿದ ಅದೇ 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡೀತಿದ್ದ ಭಾರತೀಯರನ್ನ ಗುಂಪು ಕಟ್ಟಿ ಹೊಡೆದು ಊರು ಬಿಡಿಸಿದರು. ಬಹುತೇಕ ಪಂಜಾಬಿನ ಸಿಖ್ಖರು. 1917ರಲ್ಲಿ ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಬಂದ್. ಚೀನಾದ ಕೂಲಿಗಳಿಗೆ 1882ರಲ್ಲೇ ಮುಚ್ಚಿತ್ತು. 1923ರಲ್ಲಿ ಸುಪ್ರೀಂ ಕೋರ್ಟು, ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ನೀನು "ಬಿಳಿಯ" ಅಲ್ಲ, ಪೌರತ್ವ ಇಲ್ಲ ಅಂದಿತು. ಆಗಲೇ ಪೌರರಾಗಿದ್ದ ಕೆಲವು ಭಾರತೀಯರದ್ದನ್ನೂ ಕಿತ್ತುಕೊಂಡರು. 1946ರಲ್ಲಿ ದೊಡ್ಡ ಮನಸ್ಸು ಮಾಡಿ ಭಾರತಕ್ಕೆ ವರ್ಷಕ್ಕೆ 100 ಜನ ಅಂತ ಕೊಟ್ಟರು. ಇಡೀ ದೇಶಕ್ಕೆ ನೂರು! ಸರಿಯಾಗಿ ಬಾಗಿಲು ತೆರೆದದ್ದು 1965ರಲ್ಲಿ, ಕರಿಯರ ನಾಗರಿಕ ಹಕ್ಕುಗಳ ಹೋರಾಟ ಈ ದೇಶದ ಆತ್ಮಸಾಕ್ಷಿಯನ್ನ ಅಲುಗಾಡಿಸಿದ ಕಾಲದಲ್ಲಿ. ನಮ್ಮ ಲೈನಿಗೆ ಜಾಗ ಮಾಡಿಕೊಟ್ಟವರಲ್ಲಿ ಅವರೂ ಇದ್ದಾರೆ.

ಕಾನೂನು ಬೇಡ, ಗಡಿ ಬೇಡ ಅಂತ ನಾನು ಹೇಳ್ತಾ ಇಲ್ಲ. ಯಾವ ದೇಶಕ್ಕೂ ತನ್ನ ಬಾಗಿಲು ಕಾಯೋ ಹಕ್ಕಿದೆ. ಕಾದವನ ಸಿಟ್ಟೂ ನಿಜ. ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಗ್ರೀನ್ ಕಾರ್ಡು ಇಲ್ಲ ಅನ್ನೋ ನಿಯಮದಿಂದ ಕೊಳೀತಾ ಕೂತಿರೋ ಎಷ್ಟೋ ಜನ ನಮ್ಮ ನಡುವೆಯೇ ಇದ್ದಾರೆ. "ಹುಟ್ಟಿದ ಜಾಗ ನೋಡಿ ಅಳೆಯೋದು ಅನ್ಯಾಯ" ಅಂತ ಗೋಳಾಡ್ತೀವಿ. ನ್ಯಾಯವಾದ ಗೋಳೇ. ಆದರೆ ಅದೇ ಬಾಯಲ್ಲಿ, ಲೈನೇ ಇಲ್ಲದ ಗ್ವಾಟೆಮಾಲದ ಕೂಲಿಯವನಿಗೆ "ಲೈನಲ್ಲಿ ಬಾರಯ್ಯ" ಅಂತ ಬುದ್ಧಿ ಹೇಳೋದು ನನ್ನ ಕೈಲಂತೂ ಇನ್ಮೇಲೆ ಆಗಲ್ಲ. ಕಾನೂನು ಹೇಗಿರಬೇಕು ಅಂತ ಜಗಳ ಆಡೋಣ, ಬನ್ನಿ. ನಾವು ಮಾತ್ರ ಯೋಗ್ಯತೆಯಿಂದ ಬಂದವರು ಅನ್ನೋ ಬಿಂಕ ಬಿಟ್ಟು ಆಡೋಣ.

ಎಲ್ಲಿಸ್ ದ್ವೀಪದ ಬಗ್ಗೆ ಒಂದು ಕಥೆ ಹೇಳ್ತಾರೆ. ಸೀಮೆಸುಣ್ಣದ ಗುರುತು ಬಿದ್ದ ಕೆಲವರು ಯಾರೂ ನೋಡದಾಗ ಕೋಟು ಬಿಚ್ಚಿ, ಒಳಗಿನದ್ದು ಹೊರಗೆ ಮಾಡಿ ಹಾಕ್ಕೊಂಡು ದಾಟಿಬಿಡ್ತಿದ್ದರಂತೆ. ಅವರ ಮರಿಮಕ್ಕಳು ಇವತ್ತು ಎಲ್ಲೋ ಕೂತು "ನಮ್ಮ ಮುತ್ತಜ್ಜ ಲೈನಲ್ಲಿ ನಿಂತು ಬಂದ" ಅಂತಿರಬಹುದು.

ಮುಂದಿನ ಸಲ ಊಟಕ್ಕೆ ಕರೆದಾಗ ಇದನ್ನ ಹೇಳಬೇಕು ಅಂತಿದ್ದೀನಿ. ಹೋಳಿಗೆ ತಿಂದಾದ ಮೇಲೆ :-)

ನೀವೇನಂತೀರಿ?