ಯಾವ ಕಡೆಯವರು?

ಬಿ.ಎ. ತರಗತಿಯಲ್ಲಿ ಶ್ಲೇಷೆ ಅಂತ ಒಂದು ಅಲಂಕಾರ ಕಲಿಸಿದರು. ಒಂದೇ ಮಾತು, ಎರಡು ಅರ್ಥ. ಪರೀಕ್ಷೆಯಲ್ಲಿ ಉದಾಹರಣೆ ಬರೆದು ಅಂಕವನ್ನೂ ತಗೊಂಡೆ. ಆದರೆ ಅದರ ನಿಜವಾದ ಪಾಠ ಆದದ್ದು ಬಾಡಿಗೆ ಕೋಣೆ ಹುಡುಕುವಾಗ.

"ನೀವು ಯಾವ ಕಡೆಯವರು?" ಅಂದರು ಮನೆ ಯಜಮಾನರು. ಊರು ಹೇಳಿದೆ. "ಅದಲ್ಲಪ್ಪ, ನಿಮ್ಮ ಕಡೆ ಅಂದ್ರೆ?" ತಾಲ್ಲೂಕು ಹೇಳಿದೆ. "ಮನೇಲಿ ಊಟ ಗೀಟ ಹೆಂಗೆ?" ಮುದ್ದೆ, ಸಾರು ಅಂದೆ. ನಕ್ಕರು. ಬೇರೆ ಯಾರೋ ಆಗಲೇ ಮುಂಗಡ ಕೊಟ್ಟಿದ್ದು ಆಗ ನೆನಪಾಯಿತು ಅವರಿಗೆ. 'ಬಾಡಿಗೆಗೆ ಇದೆ' ಬೋರ್ಡು ಮರುವಾರವೂ ಗೇಟಿನಲ್ಲಿ ತೂಗಾಡುತ್ತಿತ್ತು.

ಗೆಳೆಯರೇ, ಇಷ್ಟು ಹೊತ್ತಿನ ಮಾತಿನಲ್ಲಿ ಜಾತಿ ಎಂಬ ಎರಡಕ್ಷರ ಒಮ್ಮೆಯೂ ಬರಲಿಲ್ಲ. ದೂರು ಕೊಟ್ಟರೆ, 'ಊರು ಕೇಳಿದ್ದೂ ತಪ್ಪೇನ್ರೀ' ಅಂತಾರೆ. ಬಯ್ದವನನ್ನು ಹಿಡಿದು ಕೇಳಬಹುದು. ಇವರು ಒಂದು ಅರ್ಥವನ್ನು ನಮ್ಮ ಮೇಲೆ ಎಸೆದು ಇನ್ನೊಂದರ ಹಿಂದೆ ಅವಿತುಕೊಳ್ಳುತ್ತಾರೆ. ನಾನೇನು ಕಡಿಮೆಯೇ? ಕೋಣೆಯ ಆಸೆಗೆ, ಅರ್ಥವಾದರೂ ಆಗದವನಂತೆ ನಿಂತಿದ್ದೆ.

ನಮ್ಮವರು ಆಡಿದ ಮಾತಿಗೆ ಈ ಅನುಕೂಲ ಸಿಗುವುದಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾಕ್ಕೂ ಎರಡರ್ಥ ಉಂಟು. ಪೇಟೆಯಲ್ಲಿ ಅದು ಹುರುಳಿಲ್ಲದ್ದು, ಬುರುಡೆ. ನಮ್ಮ ಹಟ್ಟಿಯಲ್ಲಿ ಹಸುವಿನ ಹೊಟ್ಟೆ. ಕರು ಹಾಕಿದ ಹಸುವಿಗೆ ಅಂತ ನಮ್ಮವ್ವ ಕಾಸಿಗೆ ಕಾಸು ಕೂಡಿಸಿ ಬೂಸಾ ತಂದು ಕಲಗಚ್ಚಿಗೆ ಕಲಸಿ ಇಡುತ್ತಿದ್ದಳು. ಚೆಲ್ಲಿದರೆ ನಮಗೇ ಏಟು.

ಬಸವಲಿಂಗಪ್ಪನವರು ಹೊಗಳುವುದಕ್ಕೆ ಹಾಗೆ ಹೇಳಲಿಲ್ಲ, ನಿಜ. ಅದು ಟೀಕೆಯೇ. ಆದರೆ ಸಾಹಿತ್ಯದ ಮೇಲಿನ ಟೀಕೆಯನ್ನು ಕನ್ನಡ ನುಡಿಗೇ ಬಯ್ದದ್ದು ಅಂತ ಬೀದಿಗೆ ತಂದರು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಮಾತು ಆಡದಿದ್ದ ದಲಿತ ವಿದ್ಯಾರ್ಥಿಗಳಿಗೂ ಹೊಡೆತ ಬಿತ್ತು. ನಿಮ್ಮ ಮಾತಿನ ಅರ್ಥವೇನು ಸ್ವಾಮಿ ಅಂತ ಕೂತು ಕೇಳುವ ವ್ಯವಧಾನ ಆ ಗದ್ದಲದಲ್ಲಿ ಎಷ್ಟು ಮಂದಿಗಿತ್ತು? ಶ್ಲೇಷೆ ಬಲ್ಲ ಪಂಡಿತರ ನಾಡು ಇದು!

ಮೊನ್ನೆ ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಕೋಣೆ ಕೇಳಲು ಹೋದ. ಅದೇ ಪ್ರಶ್ನೆ, ಯಾವ ಕಡೆಯವನಪ್ಪ? "ಊರು ಕೇಳ್ತಿದ್ದೀರೋ, ಜಾತಿ ಕೇಳ್ತಿದ್ದೀರೋ ಸಾರ್? ಬಿಡಿಸಿ ಹೇಳಿ, ಎರಡನ್ನೂ ಹೇಳ್ತೀನಿ" ಅಂದನಂತೆ. ಅವರು ಬಾಗಿಲು ಹಾಕಿಕೊಂಡರು. ಕೋಣೆ ಅವನಿಗೂ ಸಿಗಲಿಲ್ಲ. ಆದರೆ ನನ್ನ ಹಾಗೆ ಊರು, ತಾಲ್ಲೂಕು ಅಂತ ಅವರಿಗೆ ಭೂಗೋಳ ಒಪ್ಪಿಸುತ್ತಾ ನಿಲ್ಲಲಿಲ್ಲ ಅವನು.