ಸಿಪಾಯಿಯ ಮಗನ ಪಾಲು

ಸೈನಿಕ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಒಂದು ಲೆಕ್ಕವನ್ನು ತಪ್ಪದೆ ಒಪ್ಪಿಸಲಾಗುತ್ತದೆ: ಈ ಶಾಲೆಯಿಂದ ಎಷ್ಟು ಮಂದಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದರು, ಎಷ್ಟು ಮಂದಿ ಸೇನೆಯ ಉನ್ನತ ಪದವಿಗೇರಿದರು. ಆ ಲೆಕ್ಕ ಸುಳ್ಳಲ್ಲ, ಹೆಮ್ಮೆಯೂ ತಪ್ಪಲ್ಲ. ಆದರೆ ಹೀಗೆ ಸೇರಿದವರು ಯಾರ ಮಕ್ಕಳು ಎಂಬ ಇನ್ನೊಂದು ಲೆಕ್ಕವನ್ನು ಆ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ. ಈ ಶಾಲೆಗಳು ಹುಟ್ಟಿದ್ದೇ ಆ ಪ್ರಶ್ನೆಯಿಂದ ಎಂಬುದನ್ನು ನಾವು ಮರೆತಿದ್ದೇವೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಮಹಾಯುದ್ಧದಲ್ಲಿ ಭಾರತದ ಸಿಪಾಯಿಗಳು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ದೂರದ ರಣರಂಗಗಳಲ್ಲಿ ಸತ್ತರು. ಅದರ ನಂತರವೂ ಸ್ಯಾಂಡ್‌ಹರ್ಸ್ಟ್‌ನ ಅಧಿಕಾರಿ ತರಬೇತಿಯಲ್ಲಿ ಭಾರತೀಯರಿಗೆ ದೊರೆತದ್ದು ವರ್ಷಕ್ಕೆ ಕೇವಲ 10 ಸ್ಥಾನ. ಆ ಸ್ಥಾನಗಳಿಗೆ ಹುಡುಗರನ್ನು ಅಣಿಗೊಳಿಸಲು 1922ರ ಮಾರ್ಚ್‌ನಲ್ಲಿ ಡೆಹ್ರಾಡೂನಿನಲ್ಲಿ ವೇಲ್ಸ್ ರಾಜಕುಮಾರನ ಹೆಸರಿನ ಮಿಲಿಟರಿ ಕಾಲೇಜು ತೆರೆಯಿತು. ಅಲ್ಲಿಗೆ ಬಂದವರು ಬಹುಪಾಲು ಅರಸು ಮನೆತನಗಳ, ಜಮೀನ್ದಾರರ, ಉಳ್ಳವರ ಮಕ್ಕಳು. ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದವರು, ಅಲ್ಲಿಯ ಆರಂಭದ ವಿದ್ಯಾರ್ಥಿಗಳಲ್ಲಿ ಒಬ್ಬರು.

ಅದೇ ಕಾಲದಲ್ಲಿ ಸಾಮಾನ್ಯ ಸಿಪಾಯಿಗಳ ಮಕ್ಕಳಿಗಾಗಿ ಬೇರೆ ಶಾಲೆಗಳು ಎದ್ದವು: ಝೇಲಂ, ಜಲಂಧರ, ಅಜ್ಮೇರ್‌ಗಳಲ್ಲಿ ಐದನೆಯ ಜಾರ್ಜ್ ದೊರೆಯ ಹೆಸರಿನವು. ಇಲ್ಲಿಯೂ ಕವಾಯತು, ಇಲ್ಲಿಯೂ ವಸತಿ, ಇಲ್ಲಿಯೂ ಶಿಸ್ತು. ಆದರೆ ಡೆಹ್ರಾಡೂನಿನ ಹುಡುಗನ ಮುಂದೆ ಸ್ಯಾಂಡ್‌ಹರ್ಸ್ಟ್ ಇತ್ತು; ಝೇಲಮ್ಮಿನ ಹುಡುಗನ ಮುಂದೆ ಇದ್ದದ್ದು ಹೆಚ್ಚಾಗಿ ತಂದೆಯ ಪಲ್ಟನ್ನು. ಒಂದೇ ಸೇನೆ, ಎರಡು ಶಾಲೆ, ಎರಡು ಹಣೆಬರಹ. ಈ ಬಗೆಯ ವಿಂಗಡಣೆಯನ್ನು ಪರಕೀಯ ಸರಕಾರ ಮಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೆಳಗಾವಿ ಮತ್ತು ಬೆಂಗಳೂರಿನಲ್ಲಿಯೂ ಇಂಥ ಮಿಲಿಟರಿ ಶಾಲೆಗಳು ಬಂದವು. ಇಂದಿಗೂ ಅವು ನಡೆಯುತ್ತಿವೆ.

ಸ್ವಾತಂತ್ರ್ಯ ಬಂದ ಮೇಲೆ ಬಾವುಟ ಬದಲಾಯಿತು, ಅಧಿಕಾರಿಗಳ ಮೂಲ ಅಷ್ಟು ಬೇಗ ಬದಲಾಗಲಿಲ್ಲ. ದುಬಾರಿ ಪಬ್ಲಿಕ್ ಶಾಲೆಗಳಲ್ಲಿ ಓದಿದವರು, ಕೆಲವೇ ಪ್ರಾಂತಗಳವರು ಮುಂದಿದ್ದರು. 1961ರಲ್ಲಿ ರಕ್ಷಣಾ ಮಂತ್ರಿ ವಿ. ಕೆ. ಕೃಷ್ಣ ಮೆನನ್ ಸೈನಿಕ ಶಾಲೆಗಳ ಯೋಜನೆಯನ್ನು ಜಾರಿಗೆ ತಂದದ್ದು ಪ್ರಾಂತಗಳ ಮತ್ತು ವರ್ಗಗಳ ಈ ಅಸಮತೋಲನವನ್ನು ಸರಿಪಡಿಸಲೆಂದೇ. ಮೆನನ್ನರನ್ನು ಇತಿಹಾಸ ಕರುಣೆಯಿಂದ ಕಂಡಿಲ್ಲ. 1959ರಲ್ಲಿ ಅವರೊಡನೆ ಕೂಡಿ ಬಾಳಲಾರದೆ ರಾಜೀನಾಮೆ ಬರೆದುಕೊಟ್ಟವರು ಇದೇ ತಿಮ್ಮಯ್ಯನವರು. 1962ರ ಸೋಲಿನ ನಂತರ ಮೆನನ್ನರೇ ಹುದ್ದೆ ಬಿಡಬೇಕಾಯಿತು. ಆದರೂ ಈ ಒಂದು ಕೆಲಸದಲ್ಲಿ ಅವರು ಸರಿಯಾದ ಗಾಯಕ್ಕೇ ಕೈಯಿಟ್ಟರು. ಸಾತಾರಾದಲ್ಲಿ ಮೊದಲ ಶಾಲೆ 1961ರ ಜೂನ್‌ನಲ್ಲಿ ಆರಂಭವಾಯಿತು. 1963ರ ಸೆಪ್ಟೆಂಬರ್ 16ರಂದು ವಿಜಾಪುರದಲ್ಲಿ ನಮ್ಮ ರಾಜ್ಯದ್ದು. ಬರಪೀಡಿತ ಜಿಲ್ಲೆಯ ರೈತನ ಮಗ ಅಧಿಕಾರಿಯ ಸಮವಸ್ತ್ರ ತೊಡಬಲ್ಲನೆಂಬ ಮಾತು ಅಲ್ಲಿ ಅನೇಕರ ಬಾಳಿನಲ್ಲಿ ನಿಜವಾಯಿತು. ಕೊಡಗಿನ ಕೂಡಿಗೆಯ ಶಾಲೆಗೆ ನಾವು 2007ರವರೆಗೆ ಕಾಯಬೇಕಾಯಿತು.

ಇನ್ನು ಇಂದಿನ ಮಾತು. ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ 300 ಅಂಕ. ಅದರಲ್ಲಿ ಗಣಿತಕ್ಕೇ 150. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಅದು ಒಳ್ಳೆಯದು. ಆದರೆ ಸರಕಾರಿ ಪ್ರಾಥಮಿಕ ಶಾಲೆಯ ಪಾಠದಿಂದ ಮಾತ್ರ ಈ ಪ್ರಶ್ನೆಪತ್ರಿಕೆಯನ್ನು ಎದುರಿಸುವುದು ಹತ್ತು ವರ್ಷದ ಮಗುವಿಗೆ ಬಲು ಕಷ್ಟ. ಈ ಕಂದರವನ್ನು ತುಂಬಲು ಕೋಚಿಂಗ್ ಕೇಂದ್ರಗಳು ಬಂದಿವೆ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಸೈನಿಕ, ನವೋದಯ, ಕಿತ್ತೂರು ಎಂದು ಫಲಕ ಹಾಕಿದ ಕಟ್ಟಡಗಳನ್ನು ನೋಡದವರಾರು? ನಾಲ್ಕನೆಯ ತರಗತಿಯ ಮಕ್ಕಳನ್ನು ತಾಯಿಯ ಮಡಿಲಿನಿಂದ ಬಿಡಿಸಿ ಅಲ್ಲಿ ವಸತಿಗೆ ಹಾಕುತ್ತಾರೆ. ಸಾಲ ಮಾಡಿ ಹಣ ಕಟ್ಟುವ ತಂದೆಯನ್ನು ನಾನು ಬಯ್ಯಲಾರೆ. ಸಾಲವೂ ಹುಟ್ಟದ ತಂದೆಯ ಗತಿಯೇನು?

ಪ್ರತಿಭೆಗೆ ಪರೀಕ್ಷೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಈ ಪರೀಕ್ಷೆ ಅಳೆಯುತ್ತಿರುವುದು ಮಗುವಿನ ಬುದ್ಧಿಯನ್ನೋ, ಅದರ ಹಿಂದೆ ಸುರಿದ ಹಣವನ್ನೋ? ಮೀಸಲಾತಿ ಇದೆಯಲ್ಲ ಎಂಬುದು ಇನ್ನೊಂದು ಉತ್ತರ. ಇದೆ, ಇರಲೇಬೇಕು, 2021ರಿಂದ ಹಿಂದುಳಿದ ವರ್ಗಗಳಿಗೂ ಶೇಕಡಾ 27ರಷ್ಟು ದೊರೆತಿದೆ. ಆದರೆ ಪ್ರತಿಯೊಂದು ವರ್ಗದೊಳಗೂ ಕೋಚಿಂಗ್ ಕೊಳ್ಳಬಲ್ಲವನೇ ಮುಂದಾಗುತ್ತಾನೆ. ಬಾಗಿಲು ದಾಟಿದ ಮೇಲೆ ವರ್ಷಕ್ಕೆ ಲಕ್ಷ ರೂಪಾಯಿ ಮೀರಿದ ಶುಲ್ಕ ಕಾದಿರುತ್ತದೆ. ವಿದ್ಯಾರ್ಥಿವೇತನ ಅದರ ಭಾರವನ್ನು ಇಳಿಸುತ್ತದೆ ನಿಜ, ಆದರೆ ಅದು ಒಳಗೆ ಬಂದವನಿಗೆ ಮಾತ್ರ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವ್ಯವಸ್ಥೆ ತಡವಾಗಿಯಾದರೂ ತಿದ್ದಿಕೊಂಡಿತು. 1969ರಲ್ಲೇ ಕಿತ್ತೂರಿನಲ್ಲಿ ಬಾಲಕಿಯರ ವಸತಿ ಸೈನಿಕ ಶಾಲೆ ತೆರೆದ ನಾಡು ನಮ್ಮದು. ಎಲ್ಲ ಸೈನಿಕ ಶಾಲೆಗಳ ಬಾಗಿಲು ಅವರಿಗೆ ತೆರೆದದ್ದು 2021ರಲ್ಲಿ. ತಿದ್ದಿಕೊಳ್ಳಲು ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಅದೇ ವರ್ಷ ಕೇಂದ್ರ ಸರಕಾರ ಖಾಸಗಿ ಶಾಲೆಗಳು, ಸಂಸ್ಥೆಗಳು ಮತ್ತು ರಾಜ್ಯಗಳ ಸಹಭಾಗಿತ್ವದಲ್ಲಿ 100 ಹೊಸ ಸೈನಿಕ ಶಾಲೆಗಳಿಗೆ ಒಪ್ಪಿಗೆ ಕೊಟ್ಟಿತು. ಇವುಗಳಲ್ಲಿ ಅಖಿಲ ಭಾರತ ಪರೀಕ್ಷೆಯ ಅರ್ಹತಾ ಪಟ್ಟಿಯಿಂದ ತುಂಬಬೇಕಾದದ್ದು ಕನಿಷ್ಠ ಶೇಕಡಾ 40 ಸ್ಥಾನ. ಉಳಿದ 60 ಅದೇ ಶಾಲೆಯಲ್ಲಿ ಮೊದಲೇ ಓದುತ್ತಿರುವ, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳಿಗೆ. ಶುಲ್ಕ ಕೊಟ್ಟು ಆ ಖಾಸಗಿ ಶಾಲೆ ಸೇರಲು ಶಕ್ತಿಯಿದ್ದವರ ಮಕ್ಕಳು ಮೊದಲೇ ಒಳಗಿದ್ದಾರೆ ಎಂದರ್ಥ! ಸರಕಾರ ಕೊಡುವ ಶುಲ್ಕ ಸಹಾಯಕ್ಕೂ ಮಿತಿಯಿದೆ: ತರಗತಿಯ ಅರ್ಧದಷ್ಟು ಮಕ್ಕಳಿಗೆ, ಶುಲ್ಕದ ಅರ್ಧ, ಅದೂ ವರ್ಷಕ್ಕೆ 40,000 ರೂಪಾಯಿ ಮೀರದಂತೆ. ಬ್ರಿಟಿಷರು ಎರಡು ಶಾಲೆ ಕಟ್ಟಿ ಮಾಡಿದ ವಿಂಗಡಣೆಯನ್ನು ನಾವು ಒಂದೇ ಹೆಸರಿನ ಕೆಳಗೆ ಮಾಡುತ್ತಿದ್ದೇವೆ.

ಆಳುವವರನ್ನು ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿಯೊಂದು ಸೈನಿಕ ಶಾಲೆಯೂ ವರ್ಷಕ್ಕೊಮ್ಮೆ ಒಂದು ಪಟ್ಟಿಯನ್ನು ಹೊರಡಿಸಲಿ: ಆರನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಸರಕಾರಿ ಶಾಲೆಯಿಂದ ಬಂದವರೆಷ್ಟು, ಕೋಚಿಂಗ್ ಇಲ್ಲದೆ ಬಂದವರೆಷ್ಟು, ಕೂಲಿಕಾರರ, ಸಣ್ಣ ರೈತರ, ಸಾಮಾನ್ಯ ಜವಾನರ ಮಕ್ಕಳೆಷ್ಟು. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಅಕಾಡೆಮಿ ಸೇರಿದವರ ಹೆಸರುಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆದು ತೂಗುಹಾಕುವ ಅದೇ ಗೋಡೆಯಲ್ಲಿ ಈ ಪಟ್ಟಿಯೂ ತೂಗಲಿ.