ಸಲಹೆ ಸಾಕು, ಎರಡು ಗಂಟೆ ಕೊಡಿ

ಇತ್ತೀಚಿನ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ತಮ್ಮ ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ತಿಳಿಸಿದ ಸಂಗತಿಯನ್ನು ನನ್ನೊಡನೆ ಹೇಳಿಕೊಂಡಿದ್ದಾರೆ. (ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದವಿದೆ. ತನ್ನಲ್ಲೇ ಲೀನವಾದದ್ದು ಎಂಬ ಆ ಅರ್ಥ ಈ ಮಕ್ಕಳಿಗೆ ನ್ಯಾಯ ಸಲ್ಲಿಸದೆಂದು ನನ್ನ ಭಾವನೆ; ಆದುದರಿಂದ ಆಟಿಸಂ ಎಂದೇ ಬರೆಯುತ್ತೇನೆ.) ಮೂವರ ದುಃಖದಲ್ಲಿಯೂ ಒಂದು ಅಂಶ ಸಮಾನವಾಗಿತ್ತು. ವೈದ್ಯರ ಮಾತಿಗಿಂತ ಬಂಧುಗಳ ಮಾತು ಅವರನ್ನು ಹೆಚ್ಚು ನೋಯಿಸಿತ್ತು. "ಅದಕ್ಕೇನಂತೆ, ಇವರ ಮಾವನೂ ಐದು ವರ್ಷಕ್ಕೇ ಮಾತನಾಡಿದ್ದು" ಎಂಬುದು ಒಬ್ಬರ ಸಮಾಧಾನವಾದರೆ, "ತಾಯಿ ಕೆಲಸಕ್ಕೆ ಹೋದರೆ ಇನ್ನೇನಾದೀತು?" ಎಂಬುದು ಇನ್ನೊಬ್ಬರ ತೀರ್ಪು.

ಈ ತೀರ್ಪು ನಮ್ಮ ಅಜ್ಜಿಯರ ಕೊಡುಗೆಯಲ್ಲ, ವಿದ್ಯಾವಂತರದೇ ಎಂಬುದನ್ನು ಗಮನಿಸಬೇಕು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಕುರಿತು ಪ್ರಬಂಧ ಪ್ರಕಟಿಸಿದ ನಂತರದ ದಶಕಗಳಲ್ಲಿ, ತಾಯಿಯ ಶೀತಲ ಸ್ವಭಾವವೇ ಇದಕ್ಕೆ ಕಾರಣವೆಂದು ಪಶ್ಚಿಮದ ಪಂಡಿತರೇ ಸಾರಿದ್ದರು. 1964ರಲ್ಲಿ ಅದನ್ನು ತನ್ನ ಗ್ರಂಥದಲ್ಲಿ ಖಂಡಿಸಿದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ ಸ್ವತಃ ಇಂತಹ ಮಗುವಿನ ತಂದೆ. ನಮ್ಮಲ್ಲಿ ದೆಹಲಿಯ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಕಟ್ಟಿದ ಮೆರ್ರಿ ಬರುವಾ ಕೂಡ ಒಬ್ಬ ತಾಯಿ. ಹೆತ್ತವರಿಗೆ ಮೊದಲು ಆಸರೆಯಾದವರು ಹೆತ್ತವರೇ.

ಕರ್ನಾಟಕದವರಿಗೆ ದಾರಿ ಅಷ್ಟು ದೂರವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆದರೂ ಪ್ರಮಾಣಪತ್ರ ಮಾಡಿಸಲು ಹಲವು ಮನೆಗಳಲ್ಲಿ ಹಿಂಜರಿಕೆ. "ನಾಳೆ ಅಕ್ಕನ ಮದುವೆಗೆ ತೊಡಕಾದರೆ?" ಎನ್ನುತ್ತಾರೆ. ಈ ಭಯಕ್ಕೆ ಮಗು ಬೆಲೆ ತೆರುವುದು ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಆ ಪತ್ರವಿದ್ದರೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ದೊರೆಯುತ್ತದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿಯೂ ಇದೆ. 'ನಮ್ಮ ನಂತರ ಯಾರು?' ಎಂದು ನಡುರಾತ್ರಿ ಎದ್ದು ಕೂರುವ ತಂದೆತಾಯಿಗಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಸರಕಾರದ ಯಾವ ಯೋಜನೆಯೂ ಭಾನುವಾರ ಸಂಜೆ ಮನೆಗೆ ಬಂದು ಮಗುವಿನ ಜೊತೆ ಕುಳಿತುಕೊಳ್ಳದು. ಅದು ಬಂಧುಗಳ ಕೆಲಸ. ನಿಮ್ಮ ತಂಗಿಯ ಅಥವಾ ಗೆಳೆಯನ ಮನೆಯಲ್ಲಿ ಇಂತಹ ಮಗುವಿದ್ದರೆ, ಯಾವ ಸದ್ದು ಅದಕ್ಕೆ ಹಿಂಸೆ, ಯಾವ ಆಟ ಇಷ್ಟ ಎಂಬುದನ್ನು ತಾಯಿಯಿಂದಲೇ ಕೇಳಿ ತಿಳಿಯಿರಿ. ಮಗು ನಿಮ್ಮೊಡನೆ ಹೊಂದಿಕೊಂಡ ಮೇಲೆ ವಾರಕ್ಕೆ ಎರಡು ಗಂಟೆ ನೀವೇ ನೋಡಿಕೊಳ್ಳಿ. ಆಕೆ ನಿದ್ರಿಸಲಿ, ಇಲ್ಲವೇ ಪೇಟೆಗೆ ಹೋಗಿ ಬರಲಿ. ಮದುವೆ ಮುಂಜಿಗಳಿಗೆ ಕರೆಯುವಾಗ ಮಗುವನ್ನೂ ಹೆಸರು ಹಿಡಿದು ಕರೆಯಿರಿ. ಛತ್ರದಲ್ಲಿ ಓಲಗದ ಸದ್ದು ತಲುಪದ ಒಂದು ಕೋಣೆಯ ಬೀಗದ ಕೈಯನ್ನು ಆ ತಾಯಿಗೆ ಮೊದಲೇ ಕೊಟ್ಟಿರಿ.